ಸೀಮಂತದ ಕಾಗದಕ್ಕೆ ಕೆಂಪು ಬಣ್ಣ

ಸೊಸೆಯ ಸೀಮಂತದ ಮೊದಲ ಆಮಂತ್ರಣವನ್ನು ಅಂದು ಸಂಜೆಯೇ ರುಮೈಥಿಯಾ ಬಡಾವಣೆಗೆ ಹೋಗಿ ಬೀಗರ ಕೈಗೆ ಕೊಡಬೇಕಿತ್ತು. ಕುವೈತ್‌ನಲ್ಲಿ ಶುಕ್ರವಾರ ಮಧ್ಯಾಹ್ನ ಮುದ್ರಣದ ಅಂಗಡಿಗಳು ತೆರೆದಿರುವುದಿಲ್ಲ. ಮನೆಯ ಹಳೆಯ ಪ್ರಿಂಟರಿನಲ್ಲೇ ತೆಗೆದೆ. ಗಣಪತಿ ಪೂರ್ತಿ ನೀಲಿಯಾಗಿ ಬಂದ. ಕೆಂಪಿನಲ್ಲಿ ಹಾಕಿದ್ದ ‘ಸೀಮಂತ’ ಎಂಬ ಪದ ಬರಲೇ ಇಲ್ಲ.

“ಕಪ್ಪಿನಲ್ಲೇ ತೆಗಿ ಅಮ್ಮ, ಓದ್ಲಿಕ್ಕೆ ಆದ್ರೆ ಸಾಕಲ್ಲ” ಎಂದ ಮಗ.

“ಬರೀ ಕಪ್ಪಕ್ಷರದ ಕಾಗದ ಉತ್ತರಕ್ರಿಯೆಗೆ ಮಾರಾಯ. ನಿನ್ನ ಅತ್ತೆಯ ಕೈಗೆ ಅದನ್ನು ನೀನೇ ಕೊಡ್ತೀಯಾ?”

ಅವನು ಪ್ರಿಂಟರಿನ ಮುಚ್ಚಳ ತೆರೆದುಕೊಟ್ಟ.

ಪ್ರಿಂಟರಿನ ಕೈಪಿಡಿಯನ್ನು ನಾನು ಜೋಪಾನವಾಗಿ ಫೈಲು ಮಾಡಿಟ್ಟಿದ್ದೆ. ಅದರಲ್ಲಿ ಹೇಳಿದಂತೆ ಕ್ಲೀನಿಂಗ್ ಮಾಡಿಸಿದರೂ ಫಲವಾಗಲಿಲ್ಲ. ಬಹಳ ದಿನ ಬಳಸದೆ, ಎಸಿ ಗಾಳಿಗೆ ಇಂಕು ಒಣಗಿ ಕಾರ್ಟ್ರಿಜ್‌ನ ಸಣ್ಣ ತೂತುಗಳು ಕಟ್ಟಿಕೊಂಡಿರಬೇಕು. ಅದನ್ನು ಹೊರತೆಗೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟಿಶ್ಯೂ ಮೇಲೆ ಒತ್ತಿ ಹಿಡಿದೆ. ನೀಲಿ ಇಳಿಯಿತು. ಟಿಶ್ಯೂ ಬದಲಾಯಿಸಿದೆ, ಹಳದಿಯೂ ಬಂತು. ಕೆಂಪಿನ ಸುಳಿವಿಲ್ಲ.

“ಖಲಾಸ್ ಅಮ್ಮ, ಬಿಟ್ಬಿಡು.”

ನಾನು ಬಿಡಲಿಲ್ಲ. ಕೊನೆಗೆ ಟಿಶ್ಯೂ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಕಾಣಿಸಿ, ಮೆಲ್ಲಗೆ ಹರಡತೊಡಗಿದಾಗ ನನಗೆ ಹೋದ ಜೀವ ಬಂದಂತಾಯಿತು. ಈ ಸಲ ಗಣಪತಿ ಕೆಂಪು ಮಡಿಯುಟ್ಟು ಹೊರಗೆ ಬಂದ, ಅವನ ಕೆಳಗೆ ‘ಸೀಮಂತ’ವೂ ಬಂತು.

ಸಂಜೆ ಬೀಗಿತ್ತಿ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಬೆರಳುಗಳನ್ನು ನೋಡಿ ನಕ್ಕರು. “ಮದರಂಗಿ ಈಗಲೇ ಹಚ್ಚಿಕೊಂಡಿರಾ? ಅಜ್ಜಿಯಾಗುವವರ ಸಂಭ್ರಮ ನೋಡಿ.”

ನಾನು ಹೌದೆಂದೆ. ಹೆಬ್ಬೆರಳಿನ ನೀಲಿಯನ್ನು ಮಾತ್ರ ಹೊರಡುವವರೆಗೂ ಸೆರಗಿನೊಳಗೆ ಇಟ್ಟುಕೊಂಡಿದ್ದೆ.