ಕೋಟೆ ಹತ್ತಿಸಿದ ಸಿಪಾಯಿ

ಪುಣೆಯ ನಮ್ಮ ವಠಾರದಂಥ ವಾಡೆಯಲ್ಲಿ ಎದುರು ಮನೆಯವರು ಬೆಳಗಾವಿ ಕಡೆಯ ನಿವೃತ್ತ ಸಿಪಾಯಿ. ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಿ, ಕಾಲಿಗೆ ಗುಂಡು ತಿಂದು ಬಂದವರು. ಆದರೆ ಯುದ್ಧದ ಮಾತೇ ಆಡುತ್ತಿರಲಿಲ್ಲ. ಗಾಯ ಮಾಯುವವರೆಗೆ ತಾವಿದ್ದ ಹಳ್ಳಿ, ಅದರ ಸುತ್ತಲಿನ ಗೋದಿಹೊಲ, ಹಳೆಯ ಕೋಟೆಗಳು, ಇವನ್ನೇ ಹೇಳುತ್ತಿದ್ದರು. "ಕೋಟಿ ಕೆಳಗ ನಿಂತು ನೋಡೂದಲ್ರಿ, ಮ್ಯಾಲೆ ಹತ್ತಬೇಕು," ಎನ್ನುತ್ತ ಗದ್ದ ಎತ್ತಿ ನಮ್ಮ ಮಾಳಿಗೆಯನ್ನೇ ಕೋಟೆಯೆಂಬಂತೆ ನೋಡುತ್ತಿದ್ದರು.

ಒಂದು ದಿನ, ವಿಧವೆಯಾದ ಮೇಲೆ ಹೊಸ್ತಿಲು ದಾಟದ ನಮ್ಮ ಸೋದರತ್ತೆಗೆ, "ನಮ್ಮ ಜೋಡಿ ಸಿಂಹಗಡಕ್ಕ ಬರ್ರಿ ಅಕ್ಕಾರ," ಎಂದರು.

"ನಾನೇನ್ರಿ? ಮಂದಿ ಏನಂದಾರು?"

"ಆ ಹಳ್ಳ್ಯಾಗ ಒಬ್ಬಾಕಿ ಮುದುಕಿ ಇದ್ಲು. ಆಕೀನೂ ಗಂಡನ್ನ ಕಳಕೊಂಡಾಕಿ. ನನ್ನ ಕೈ ಹಿಡದು ಕೋಟಿ ಹತ್ತಿಸಿದಾಕಿ ಆಕೀನ."

ಅತ್ತೆ ಹೊರಟೇಬಿಟ್ಟರು, ಜೊತೆಗೆ ನಾವೂ. ಸಿಪಾಯಿ ಕುಂಟುತ್ತಲೇ ಮುಂದೆ ನಡೆದು, ತಿರುವಿಗೊಮ್ಮೆ ನಿಂತು ನಮಗಾಗಿ ಕಾದರು. ಗಡದ ಮೇಲಿನ ಗಾಳಿಗೆ ಅತ್ತೆಯ ಬೋಳುತಲೆಯಿಂದ ಕೆಂಪು ಸೆರಗು ಜಾರಿತು. ಅವರು ಅದನ್ನು ಎಳೆದುಕೊಳ್ಳಲಿಲ್ಲ. ದೂರದ ಬೆಟ್ಟಕ್ಕೆ ಕೈ ತೋರಿಸಿ ಕೇಳಿದರು:

"ಅದು ಯಾವ ಗಡರೀ?"

"ತೋರಣಾ."

"ಅಲ್ಲಿಗೆ ಯಾವಾಗ ಹೋಗೂದು?"

ಸಿಪಾಯಿ ನಕ್ಕು ನಕ್ಕು ಬುರುಜಿನ ಮೇಲೆ ಕುಳಿತೇಬಿಟ್ಟರು.