ಸ್ಟೋರ್‌ಕೀಪರ್ ಹವಳದ ದಿಬ್ಬಕ್ಕೆ ಹೋದದ್ದು

ಕದ್ರಿಯ ಇರ್ವಿನ್ ಅರಾನ್ಹಾ ಬೈಕಂಪಾಡಿಯ ಪೈಪ್ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದವರು. ಕಣ್ಣಾರೆ ಎಣಿಸದ ಮಾಲಿಗೆ ಸಹಿ ಹಾಕಿದವರಲ್ಲ. ನಿವೃತ್ತರಾದ ಮೇಲೆ ಎಣಿಸಲು ಕಾರ್ಖಾನೆ ಇಲ್ಲದ್ದರಿಂದ ಇಡೀ ಜಗತ್ತನ್ನು ಅನುಮಾನಿಸತೊಡಗಿದರು. ತೂಗದ ಗ್ಯಾಸ್ ಸಿಲಿಂಡರ್ ಅವರ ಹೊಸ್ತಿಲು ದಾಟಿದ್ದಿಲ್ಲ. ಪಾದ್ರಿಗಳು ಹೋದ ವರ್ಷದ ಪ್ರಸಂಗವನ್ನೇ ಮತ್ತೆ ಹೇಳಿದರೆ ದಿನಾಂಕ ಸಮೇತ ಹಿಡಿಯುತ್ತಿದ್ದರು. ನೆರೆಯವರು ಇದನ್ನು ಸಮಾಜಸೇವೆ ಎಂದು ಒಪ್ಪಿಕೊಂಡಿದ್ದರು. ಒಪ್ಪದಿದ್ದರೆ ಇರ್ವಿನ್ ಅದಕ್ಕೂ ಕಾರಣ ಕೇಳುತ್ತಿದ್ದರಲ್ಲ!

ಇಂಥವರಿಗೆ ದುಬೈಯಲ್ಲಿ ನರ್ಸ್ ಆಗಿರುವ ಮಗಳು ಟಾನ್ಯಾ ಮಾಲ್ದೀವ್ಸ್‌ನಲ್ಲಿ ಆರು ದಿನದ ಪ್ರವಾಸ ಗೊತ್ತು ಮಾಡಿದಳು. ಊಟ, ನಿದ್ದೆ ಎಲ್ಲ ವಿಹಾರನೌಕೆಯಲ್ಲೇ. ಹಗಲು ಸಣ್ಣ ದೋಣಿಯಲ್ಲಿ ಹವಳದ ದಿಬ್ಬಗಳ ಬಳಿ ಹೋಗಿ, ನೀರಿಗಿಳಿದು ಮೀನು, ಆಮೆ ನೋಡುವುದು.

“ಮೀನು ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ಬಂದರಿಗೆ ಹೋದ್ರೆ ಸಾಲದಾ? ಇದರಲ್ಲಿ ಎಂತದೋ ಉಂಟು,” ಎಂದರು ಇರ್ವಿನ್.

“ಬಂದರಿನಲ್ಲಿ ಅವು ಸತ್ತಿರ್ತವೆ ಮಾರಾಯ,” ಎಂದರು ಹೆಂಡತಿ ನೆಲ್ಲಿ. ಐವತ್ತೆಂಟನೆಯ ವಯಸ್ಸಿನಲ್ಲಿ ಆರು ತಿಂಗಳು ಈಜು ಕಲಿತು ತಯಾರಾಗಿದ್ದರು.

ಕೊನೆಗೂ ಹೊರಟು ನೌಕೆ ಹತ್ತಿದರೆ, ಗೈಡ್ ಅವರ ಊರಿನ ಪಕ್ಕದ ಉಳ್ಳಾಲದ ಹುಡುಗ ಅಫ್ರೋಝ್. ಇರ್ವಿನ್‌ರ ಸಂಶಯ ದುಪ್ಪಟ್ಟಾಯಿತು. ಉಳ್ಳಾಲದಲ್ಲೇ ಅಷ್ಟು ಸಮುದ್ರ ಇರುವಾಗ ಇವನಿಗೆ ಇಲ್ಲಿ ಎಂತ ಕೆಲಸ? ಅಷ್ಟರಲ್ಲಿ ಸಹಿಗೆ ಕಾಗದ ಬಂತು. ನೀರಿನಲ್ಲಿ ಏನಾದರೂ ಆದರೆ ಹೊಣೆ ಇಳಿದವರದ್ದೇ. ನೆಲ್ಲಿ ಓದದೆ ಸಹಿ ಹಾಕಿದರು. ಇರ್ವಿನ್ ಮೂರು ಸಲ ಓದಿ ಪೆನ್ನಿನ ಮುಚ್ಚಳ ಹಾಕಿದರು.

“ಸಮುದ್ರವನ್ನು ನಾನು ಚೆಕ್ ಮಾಡಿಲ್ಲ. ಸಹಿ ಹೇಗೆ ಹಾಕುವುದು?”

“ಹಾಗಾದ್ರೆ ದೋಣಿಯಲ್ಲೇ ಕೂತ್ಕೊಳ್ಳಿ ಅಂಕಲ್,” ಎಂದ ಅಫ್ರೋಝ್.

ಕೂತರು. ನೀರಿಗಿಳಿಯುವ ಎಂಟು ಪ್ರವಾಸಿಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹತ್ತಿ ಬಂದವರಿಗೆ ಒಂದೊಂದೇ ಟಿಕ್ ಹಾಕಿದರು. ದಿನಾ ಇದೇ ಕೆಲಸ. ಎಲ್ಲರೂ ನಕ್ಕರು. ನೆಲ್ಲಿಗೆ ನಾಚಿಕೆಯಾಗಿ, “ನಾವೆಂತ ಪೈಪಾ?” ಎಂದು ಬೈದರು.

ನಾಲ್ಕನೆಯ ಮಧ್ಯಾಹ್ನ ಗಾಳಿ ಎದ್ದಿತು. ಎಲ್ಲರೂ ಗಡಿಬಿಡಿಯಲ್ಲಿ ದೋಣಿ ಹತ್ತಿ, ಸಿಡಿಯುವ ನೀರಿಗೆ ಟವೆಲ್ ಹೊದ್ದು ಮುದುಡಿ ಕೂತರು. ಅಫ್ರೋಝ್ ತಲೆ ಎಣಿಸಿದ.

“ಎಂಟು. ಹೋಗುವಾ.”

“ಏಳು,” ಎಂದರು ಇರ್ವಿನ್.

“ಎಂಟು ಉಂಟು ಅಂಕಲ್.”

“ನನ್ನನ್ನೂ ಸೇರಿಸಿದ್ದಿ ನೀನು. ನಾನು ಸಹಿ ಹಾಕಿದವನಲ್ಲ.”

ಇಷ್ಟು ಗೆಲುವಿನಿಂದ ಹೇಳಿ, ಟಿಕ್ ಬೀಳದ ಹೆಸರು ಯಾವುದೆಂದು ಪುಟ ನೋಡಿದರು. ನೆಲ್ಲಿ.

ಮೂವತ್ತೊಂದು ವರ್ಷ ಲಾರಿಗಳನ್ನು ತಡೆದು ನಿಲ್ಲಿಸಿದವರು ಎಂಜಿನ್ನಿನ ಮುಂದೆ ಕೈ ಅಡ್ಡ ಹಿಡಿದು ನಿಂತರು. ಅಫ್ರೋಝ್ ಪುಟ ನೋಡಿ ದೋಣಿ ತಿರುಗಿಸಿದ. ದೋಣಿ ದಿಬ್ಬವನ್ನು ಸುತ್ತಿತು. ಹತ್ತು ನಿಮಿಷದ ಮೇಲೆ ಆಚೆ ಬದಿಯಲ್ಲಿ, ಸೆಳೆತಕ್ಕೆ ಸಿಕ್ಕಿ ದೂರ ಹೋಗಿದ್ದ ನೆಲ್ಲಿ ಕೈ ಬೀಸುವುದು ಕಂಡಿತು. ಅಫ್ರೋಝ್ ಹಾರಿ ಕರೆತಂದ.

“ಆಮೆಯ ಹಿಂದೆ ಹೋದೆ,” ಎಂದರು ನೆಲ್ಲಿ, ಹಲ್ಲು ಕಟಕಟಿಸುತ್ತಾ. “ಊಟದ ಮೇಜಿನಷ್ಟು ದೊಡ್ಡದು! ಮತ್ತೆ ನೋಡಿದ್ರೆ ದೋಣಿಯೇ ಇಲ್ಲ. ಆದ್ರೂ ಬಿಟ್ಟು ಹೋಗ್ಲಿಕ್ಕಿಲ್ಲ ಅಂತ ಗೊತ್ತಿತ್ತು. ನೀನು ಲೆಕ್ಕ ಹಾಕ್ತಿ ಅಲ್ವಾ... ಕೈ ಬಿಡು ಇರ್ವಿನ್, ನೋಯ್ತದೆ.”

ಇರ್ವಿನ್ ಬಿಡಲಿಲ್ಲ. ಇನ್ನೊಂದು ಕೈಯಲ್ಲೇ ಬರೆದರು.

ಆ ನೋಟ್‌ಬುಕ್ ಈಗ ಕದ್ರಿಯ ಮನೆಯ ಶೋಕೇಸಿನಲ್ಲಿದೆ. ನೆಲ್ಲಿಯ ಹೆಸರಿನೆದುರು ಸೊಟ್ಟಗೊಂದು ಟಿಕ್, “ಸುಸ್ಥಿತಿಯಲ್ಲಿ ಕೈಸೇರಿದೆ” ಎಂಬ ಷರಾ, ಕೆಳಗೆ ಪೂರ್ತಿ ಸಹಿ. ಆಮೆಯ ಗಾತ್ರದ ಬಗ್ಗೆ ಮಾತ್ರ ಅವರಿಗೆ ಇನ್ನೂ ಅನುಮಾನವಿದೆ.