ಎರಡಡಿ ಸಾಕು ಅಂದಿದ್ದರು

ಕಾಂಕ್ರೀಟು ಸುರಿಯಲು ಸೆಂಟ್ರಿಂಗ್ ಹಲಗೆ ಕಟ್ಟುವುದನ್ನು ನನ್ನ ಗಂಡ ನನಗೆ ಹೇಳಿಕೊಟ್ಟದ್ದು ಫೋನಿನಲ್ಲಿ. ಅವರು ತಿರುವನಂತಪುರದ ಉಳ್ಳೂರಿನಲ್ಲಿ ಆಸ್ಪತ್ರೆಯ ಮಂಚದ ಮೇಲೆ, ನಾನು ಕಳಮಶ್ಶೇರಿಯ ನಮ್ಮ ಮನೆಯಂಗಳದಲ್ಲಿ ಸುತ್ತಿಗೆ ಹಿಡಿದು. ಸರ್ಕಾರಿ ಕಟ್ಟಡಗಳ ಇಂಜಿನಿಯರಾಗಿ ಆಯುಷ್ಯವೆಲ್ಲ ಬಡಗಿಗಳನ್ನೂ ಮೇಸ್ತ್ರಿಗಳನ್ನೂ ಗದರಿಕೊಂಡೇ ಬಂದ ಮನುಷ್ಯ. ಈಗ ಗದರಲು ಸಿಕ್ಕಿದ್ದು ನಾನೊಬ್ಬಳೇ. ನಾನು ಬ್ಯಾಂಕಿನವಳು. ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡೆದು ಗೊತ್ತಿತ್ತು, ಅಷ್ಟೇ.

ಅವರು ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎರಡು ತಿಂಗಳು ಕಳೆದಿತ್ತು. ಇನ್ನು ಹದಿನೈದು ದಿನಕ್ಕೆ ಮನೆಗೆ ಕಳಿಸುತ್ತೇವೆ ಅಂದಿದ್ದರು. ನಮ್ಮ ಬಾಗಿಲಿಗೆ ಎರಡು ಮೆಟ್ಟಿಲು, ಒಂದಡಿ ಎತ್ತರ; ಅದರ ಮೇಲೆ ಕಾಂಕ್ರೀಟಿನ ಇಳಿಜಾರು ಹಾಕಬೇಕಿತ್ತು. ಹಿಂದಿನ ವಾರ ನಾನು ತಂಪಾನೂರಿನಲ್ಲಿ ರೈಲಿಳಿದು ಆಸ್ಪತ್ರೆಗೆ ಹೋದಾಗ ಡಾಕ್ಟರು ನನ್ನನ್ನೂ ಮೈದುನನನ್ನೂ ಹೊರಗೆ ಕರೆದು, ಇವರು ಇನ್ನು ಎದ್ದು ನಡೆಯುವುದಿಲ್ಲ, ಗಾಲಿಕುರ್ಚಿಯಲ್ಲೇ ಇರಬೇಕಾಗುತ್ತದೆ ಅಂದರು. "ಈಗ್ಲೇ ಅಣ್ಣಂಗೆ ಹೇಳೋದು ಬೇಡ ಅತ್ತಿಗೆ, ಮನೇಗೆ ಬರ್ಲಿ" ಅಂದ ಮೈದುನ. ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಇಷ್ಟು ಸಣ್ಣ ಕೆಲಸಕ್ಕೆ ಯಾವ ಮೇಸ್ತ್ರಿಯೂ ಬರಲಿಲ್ಲ. ಒಬ್ಬ ಬರುತ್ತೇನೆಂದು ಮೂರು ದಿನ ಆಟ ಆಡಿಸಿದ. ಕೊನೆಗೆ ಪಕ್ಕದ ಮನೆಯ ಹಿರಿಯರು, ನಾನು ಚೇಟ್ಟ ಅಂದರೆ ಅಣ್ಣ ಎಂದು ಕರೆಯುವ, ಕಾರ್ಖಾನೆಯಿಂದ ನಿವೃತ್ತರಾದವರು, ತಮ್ಮ ಶೆಡ್ಡಿನಲ್ಲಿದ್ದ ಹಳೆಯ ಹಲಗೆಗಳನ್ನು ತಂದು ಹಾಕಿ, ನಾವೇ ಮಾಡೋಣ ಅಂದರು.

"ಅಗಲ ಎರಡಡಿ ಸಾಕು, ಉದ್ದ ಆರಡಿ" ಅಂದರು ನನ್ನವರು ಫೋನಿನಲ್ಲಿ.

"ಕುರ್ಚಿಗೆ ಸಾಲಲ್ಲ ರೀ."

"ಯಾವ ಕುರ್ಚಿ? ಅದು ಇಲ್ಲಿಗೆ ಮಾತ್ರ ಕಣೇ. ಮನೇಗೆ ನಾನು ವಾಕರ್ ಹಿಡ್ಕೊಂಡು ಬರ್ತೀನಿ. ಸುಮ್ನೆ ಅಂಗಳ ಎಲ್ಲಾ ಯಾಕೆ ಹಾಳ್ ಮಾಡ್ತೀಯ?"

ಸರಿ ಎಂದು ಫೋನಿಟ್ಟೆ. ಶನಿವಾರವಿಡೀ ಎರಡಡಿ ಅಗಲಕ್ಕೇ ಹಲಗೆ ಕಟ್ಟಿದೆವು. ಕಟ್ಟಿದೆವು ಅನ್ನುವುದು ಸುಲಭ. ಮೇಲಿನ ಮಣ್ಣು ನಾಲ್ಕು ಬೆರಳಷ್ಟೇ, ಕೆಳಗೆಲ್ಲ ಕೆಂಪು ಕಲ್ಲು. ಹಲಗೆಗೆ ಆಸರೆಯ ಗೂಟ ಒಳಗಿಳಿಯುವ ಬದಲು ತಲೆ ಸೀಳಿಕೊಂಡು ನಿಲ್ಲುತ್ತಿತ್ತು. ಹಲಗೆಯ ಈ ತುದಿಯನ್ನು ದಾರಕ್ಕೆ ಸರಿಯಾಗಿ ಕೂರಿಸಿದರೆ ಆ ತುದಿ ಏಳುತ್ತಿತ್ತು. ಮೊಳೆಗಳು ಬಾಗಿದವು, ಹೆಬ್ಬೆರಳು ನೀಲಿಯಾಯಿತು. ಇದರ ಮಧ್ಯೆ ಗಂಟೆಗೊಮ್ಮೆ ಫೋನು: "ರಸಮಟ್ಟ ಇಟ್ಟು ನೋಡಿದ್ಯಾ? ಹಲಗೆ ಒಳಗಡೆ ಎಣ್ಣೆ ಸವರು, ಇಲ್ದಿದ್ರೆ ಕಿತ್ತು ಬರಲ್ಲ." ಒಂದು ಸಲ ರೇಗಿ, "ನೀವೇ ಬಂದು ಹೊಡೀರಿ ಹಾಗಾದ್ರೆ" ಅಂದುಬಿಟ್ಟೆ. "ಬರ್ತೀನಿ ಇರು, ಇನ್ನೆಷ್ಟು ದಿನ" ಎಂದು ನಕ್ಕರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ಬಂದು ಆ ಕಿಷ್ಕಿಂಧೆಯಂಥ ದಾರಿಯನ್ನು ನೋಡುತ್ತ ನಿಂತೆ. ಆಸ್ಪತ್ರೆಯ ಕುರ್ಚಿಯನ್ನು ನಾನು ಅಳೆದು ಬಂದಿದ್ದೆ; ಅಗಲ ಇಪ್ಪತ್ತಾರು ಇಂಚು. ಕಾಂಕ್ರೀಟು ಒಮ್ಮೆ ಬಿದ್ದರೆ ಮುಗಿಯಿತು. ಮನೆಗೆ ಬಂದ ದಿನ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ, ತಾವೇ ಹೇಳಿ ಹಾಕಿಸಿದ ದಾರಿಯಲ್ಲಿ ಅವರ ಕುರ್ಚಿ ಹತ್ತುವುದಿಲ್ಲ. ಲೋಟ ಕೆಳಗಿಟ್ಟು ಗೂಟಗಳನ್ನು ಕೀಳತೊಡಗಿದೆ.

"ಎಂದಿನಾ ಮೋಳೇ?" ಯಾಕಮ್ಮಾ ಎಂದು ಚೇಟ್ಟ ಗಾಬರಿಯಾಗಿ ಬಂದರು. ಹೇಳಿದೆ. ಅವರು ಹಾರೆ ತಂದರು. ಒಂದು ದಿನದ ಕೆಲಸ ಅರ್ಧ ಗಂಟೆಯಲ್ಲಿ ಬಿಚ್ಚಿ ಬಿತ್ತು. ಮತ್ತೆ ಅದೇ ಕಲ್ಲು, ಅದೇ ಗೂಟ, ಅದೇ ಹಾಳು ಮೊಳೆ. ಮೂರಡಿ ಅಗಲ, ಗೇಟಿನವರೆಗೆ ಹನ್ನೆರಡು ಅಡಿ ಉದ್ದ. ಹಲಗೆ ಸಾಲದೆ ಎರಡೆರಡನ್ನು ಜೋಡಿಸಿ, ಹಿಂದಿನಿಂದ ತುಂಡು ಹಚ್ಚಿ ಬಿಗಿದೆವು. ಮೂರು ಗಂಟೆಗೆ ಚೇಟ್ಟ ಜಲ್ಲಿ, ಮರಳು, ಸಿಮೆಂಟು ಕಲಸಲು ಶುರು ಮಾಡಿದರು.

ಆಗ ವೀಡಿಯೊ ಕರೆ ಬಂತು. ಸೆಂಟ್ರಿಂಗನ್ನು ತಾವು ನೋಡದೆ ಕಾಂಕ್ರೀಟು ಹಾಕಲು ಅವರು ಯಾರಿಗೂ ಬಿಟ್ಟವರಲ್ಲ.

"ಟೇಪ್ ಇಡು. ಅಡ್ಡಡ್ಡ."

ಸುಳ್ಳು ಹೇಳಬಹುದಿತ್ತು. ಇಟ್ಟೆ.

"ಎಷ್ಟಿದೆ?"

"ಮೂರಡಿ."

"ಉದ್ದ?"

"ಹನ್ನೆರಡು."

ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಇಳಿಜಾರು ಯಾರಿಗೆ ಹಾಕುತ್ತಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫೋನಿನಲ್ಲಿ ಅವರ ಮುಖ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಡಾಕ್ಟ್ರು ಹೇಳಿದ್ರಾ?"

"ಹೂಂ."

"ಯಾವಾಗ?"

"ಹೋದ ವಾರ." ನಾನು ಅಳುತ್ತಿದ್ದೆ. ಚೇಟ್ಟ ಸಲಿಕೆ ನಿಲ್ಲಿಸಿ ಆ ಕಡೆ ತಿರುಗಿಕೊಂಡರು. ಕಲಸಿದ್ದು ಗಟ್ಟಿಯಾಗತೊಡಗಿತ್ತು.

ಆಮೇಲೆ ನನ್ನವರು, "ಫೋನ್ ಸ್ವಲ್ಪ ಕೆಳಗೆ ಹಿಡಿ, ಅಂಚು ಕಾಣ್ತಿಲ್ಲ" ಅಂದರು. ಹಿಡಿದೆ.

"ಎರಡೂ ಕಡೆ ಎರಡೆರಡು ಇಂಚು ದಂಡೆ ಎತ್ತಬೇಕು ಕಣೇ" ಅಂದರು. "ಇಲ್ದಿದ್ರೆ ನನ್ನ ಗಾಲಿ ಆಚೆ ಜಾರತ್ತೆ."